ಅಕ್ಕನ ಮನೆಯ ನಲ್ಲಿ

ಹಸಿರು ಬಣ್ಣ ತುಂಬಿದ ಡಬ್ಬಿಯನ್ನು ನಗರಸಭೆಯ ಹೆಲ್ತ್ ಇನ್‌ಸ್ಪೆಕ್ಟರಮ್ಮ ಪ್ಲಂಬರನ ಕೈಗೇ ಕೊಟ್ಟರು. ಕೊಡದೆ ಇನ್ಯಾರಿಗೆ ಕೊಡಬೇಕು? ಆ ಗಲ್ಲಿಯ ಒಂದೊಂದು ಮನೆಗೂ ನಲ್ಲಿ ಹಾಕಿದವನು ಅವನು, ನಗರಸಭೆಯ ಲೈಸೆನ್ಸ್ ಇದ್ದವನು ಅವನು, ಯಾವ ಚರಂಡಿಯ ಮುಚ್ಚಳ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನೂ ಅವನೇ.

"ನೀವೇ ಸುರೀರಿ. ನಿಮ್ಮದು ಪಳಗಿದ ಕೈ," ಎಂದರು ಆಕೆ.

ಆ ಪಳಗಿದ ಕೈ ಡಬ್ಬಿಯ ಮುಚ್ಚಳ ತಿರುಗಿಸಲಾರದೆ ಎರಡು ಸಲ ಜಾರಿತು. ಬೆವರು, ಇನ್ನೇನು.

ವಿಷಯ ಇಷ್ಟು. ಒಂಬತ್ತು ದಿನದಿಂದ ಗಲ್ಲಿಯಲ್ಲಿ ವಾಂತಿಭೇದಿ. ಹನ್ನೊಂದು ಜನ ಆಸ್ಪತ್ರೆ ಸೇರಿದ್ದರು, ಹತ್ತು ಜನ ಸುಸ್ತಾಗಿಯಾದರೂ ಮನೆಗೆ ಮರಳಿದ್ದರು. ಇನ್ನೂ ಹಾಸಿಗೆಯಲ್ಲಿ ಉಳಿದವಳು ಪ್ಲಂಬರನ ಸ್ವಂತ ಅಕ್ಕನ ಮೊಮ್ಮಗಳು, ನಾಲ್ಕು ವರ್ಷದ ಪುಟ್ಟಿ. ಒಂದು ದಿನ ಎದ್ದು ಕೂರುತ್ತಾಳೆ, ಮಾರನೇ ದಿನ ಮತ್ತೆ ಮಲಗುತ್ತಾಳೆ. ಡಾಕ್ಟರಿಗೂ ತಲೆಬುಡ ತಿಳಿಯುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಜನಕ್ಕೆ ಬೈಯಲು ಒಬ್ಬ ಬೇಕಲ್ಲ! ಮೂಲೆಯ ಕ್ಯಾಂಟೀನಿನವನು ಸಿಕ್ಕಿದ. ಬಡಪಾಯಿ, ಮೊದಲೇ ತೊದಲುವವನು, ಎದುರು ಮಾತಾಡಲೂ ಬಾರದವನು. ಕೊಳಕು ಜಾಗ ನಡೆಸಿ ಊರಿಗೆ ಉಪದ್ರವ ಮಾಡಿದ್ದಾನೆಂದು ನಗರಸಭೆ ಅವನ ಬಾಗಿಲಿಗೆ ಬೀಗ ಜಡಿದು, ಅರಗಿನ ಮುದ್ರೆ ಒತ್ತಿ, ನೋಟಿಸು ಅಂಟಿಸಿತ್ತು. ಯಾರೋ ಪುಣ್ಯಾತ್ಮರು ರಾತ್ರೋರಾತ್ರಿ ಕಿಟಕಿ ಗಾಜನ್ನೂ ಒಡೆದಿದ್ದರು. ಇವತ್ತಿನ ಪರೀಕ್ಷೆಯಲ್ಲಿ ನೀರು ಚೊಕ್ಕ ಎಂದಾದರೆ ತಪ್ಪೆಲ್ಲ ಅವನ ತಲೆಗೆ, ಪರವಾನಗಿ ಕಾಯಂ ರದ್ದು. ನೀರಿನದೇ ತಪ್ಪು ಎಂದಾದರೆ ಪೈಪು ಹಾಕಿದವನ ಲೈಸೆನ್ಸ್ ಹೋಗುತ್ತದೆ, ಮೇಲೆ ಕೇಸು.

ಪರೀಕ್ಷೆ ಸರಳ. ಚರಂಡಿಗೆ ಬಣ್ಣ ಸುರಿಯುವುದು, ನಲ್ಲಿಗಳ ಕೆಳಗೆ ಬಿಳಿ ಬೇಸಿನ್ ಇಡುವುದು, ಕಾಯುವುದು. ಬಣ್ಣ ನಲ್ಲಿಯಲ್ಲಿ ಬಂದರೆ ಚರಂಡಿಗೂ ಕುಡಿಯುವ ನೀರಿಗೂ ಎಲ್ಲೋ ನಂಟು ಬಿದ್ದಿದೆ ಎಂದರ್ಥ. ಎಲ್ಲಿ ಬಿದ್ದಿದೆ ಎಂಬುದು ಆ ಇಡೀ ಗಲ್ಲಿಯಲ್ಲಿ ಒಬ್ಬನಿಗೇ ಗೊತ್ತಿತ್ತು.

ನಾಲ್ಕು ವರ್ಷದ ಹಿಂದೆ ಅಕ್ಕ ಗಂಟು ಬಿದ್ದಿದ್ದಳು: "ಸೊಸೆ ಮಗು ಎತ್ಕೊಂಡು ನಾಳೆ ಬರ್ತಾಳೆ ಕಣೋ. ಅಷ್ಟರಲ್ಲಿ ಮನೇಲಿ ನಲ್ಲಿ ನೀರು ಬರ್ಬೇಕು. ಬೀದಿ ಕೊನೆಯಿಂದ ಕೊಡ ಹೊರೋಕೆ ನನ್ನಿಂದಾಗಲ್ಲ." ಅವನು ಅಗೆದ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಮಂಚದಷ್ಟು ಅಗಲದ ಬಂಡೆ. ನೀರಿನ ಪೈಪು ಚರಂಡಿಯಿಂದ ಆರಡಿ ದೂರ ಇರಬೇಕೆಂಬುದು ನಿಯಮ. ಆರಡಿ ದೂರ ಹೋಗಬೇಕಾದರೆ ಬಂಡೆ ಒಡೆಯಬೇಕು, ಒಡೆಯುವವನು ಊರಲ್ಲಿಲ್ಲ. ಅವನು ಚರಂಡಿಯ ಗುಂಡಿಯ ಗೋಡೆಗೇ ತೂತು ಕೊರೆದು, ಪೈಪನ್ನು ಅದರೊಳಗಿಂದ ನೇರ ಆಚೆ ದಾಟಿಸಿದ. ಎರಡು ದಿನದ ಮಟ್ಟಿಗೆ ಅಷ್ಟೆ, ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡ. ಎಲ್ಲ ನಿಯಮದಂತಿದೆ ಎಂದು ಕಾಗದಕ್ಕೆ ಸಹಿಯನ್ನೂ ಹಾಕಿದ. ಈ ಕಸುಬಿನವರ ಕಾಯಿಲೆಯೇ ಇದು: ನಲ್ಲಿ ತಿರುಗಿಸಿದಾಗ ನೀರು ಬಂತೆಂದರೆ ಕೆಲಸ ಮುಗಿಯಿತು, ಎಲ್ಲಿ ಹಾದು ಬಂತೆಂದು ನೀರೇನು ಹೇಳುತ್ತದೆಯೇ? ಎರಡು ದಿನ ನಾಲ್ಕು ವರ್ಷವಾಯಿತು; ಅದೇ ಪೈಪಿನಿಂದ ಗಲ್ಲಿಯ ಉಳಿದ ಮನೆಗಳಿಗೂ ಕವಲು ಹೊರಟಿತು, ಈಗ ಗುಂಡಿಯೊಳಗೆ ಅದು ಬಿರುಕು ಬಿಟ್ಟಿರಬೇಕು.

ಇನ್‌ಸ್ಪೆಕ್ಟರಮ್ಮ ತೋರಿಸಿದ್ದೂ ಅದೇ ಗುಂಡಿಯನ್ನು. ಗಲ್ಲಿಗೆಲ್ಲ ಮೇಲುಗಡೆಯದ್ದು ಅದೇ ಆಗಿತ್ತು, ಬೇರೆ ಕಾರಣವಿಲ್ಲ. ಪ್ಲಂಬರ್ ಮುಚ್ಚಳ ಸರಿಸಿದ. ಒಳಗೆ ಕಪ್ಪು ನೀರು ಅಂಚಿನವರೆಗೆ ನಿಂತಿತ್ತು, ಪೈಪು ಕಾಣದಷ್ಟು. ಅವನು ಡಬ್ಬಿ ಬಗ್ಗಿಸಿದ. ಹಸಿರು ಸುರುಳಿ ಬಿಚ್ಚಿಕೊಂಡು ಹರಡಿತು.

ಅಕ್ಕನ ಮನೆ ಅಂಗಳದ ನಲ್ಲಿಯ ಕೆಳಗೆ ಬೇಸಿನ್. ಇನ್‌ಸ್ಪೆಕ್ಟರಮ್ಮ ಗಡಿಯಾರ ನೋಡುತ್ತ ನಿಂತರು. ಆಕೆ ಈ ವಾರ್ಡಿಗೆ ಬಂದು ತಿಂಗಳೂ ಆಗಿರಲಿಲ್ಲ. ಗೇಟಿನಾಚೆ ಗಲ್ಲಿಯವರೆಲ್ಲ ಕತ್ತು ಚಾಚಿಕೊಂಡು ನಿಂತಿದ್ದರು. ಕ್ಯಾಂಟೀನಿನವನು ಎಲ್ಲರಿಗಿಂತ ಹಿಂದೆ, ಕೈ ಕಟ್ಟಿಕೊಂಡು, ತುಟಿ ಅಲುಗಿಸುತ್ತ.

ಐದು ನಿಮಿಷ. ಹತ್ತು. ನೀರು ಜೋರಾಗಿ ಬೀಳುತ್ತಲೇ ಇತ್ತು, ಗಾಜಿನ ಹಾಗೆ ತಿಳಿ.

ಹದಿನೈದನೇ ನಿಮಿಷಕ್ಕೆ ಅವನಿಗೆ ಹೊಳೆಯಿತು. ಅಯ್ಯೋ, ಇದು ಬರುವುದೇ ಇಲ್ಲ! ನಲ್ಲಿಯಲ್ಲಿ ನೀರು ರಭಸವಾಗಿ ಹರಿಯುವಾಗ ಪೈಪಿನ ಬಿರುಕಿನಿಂದ ನೀರು ಹೊರಗೆ ಚಿಮ್ಮುತ್ತದೆಯೇ ಹೊರತು ಹೊರಗಿನದು ಒಳಕ್ಕೆ ಬರುವುದಿಲ್ಲ. ಗಲ್ಲಿಗೆ ನೀರು ಬಿಡುವ ಮೂಲೆಯ ವಾಲ್ವ್ ಮುಚ್ಚಿ, ಪೈಪು ಖಾಲಿಯಾದಾಗ ಮಾತ್ರ ಅದು ಸುತ್ತಲಿನ ಗಲೀಜನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮುಚ್ಚಿ, ಅರ್ಧ ಗಂಟೆ ಬಿಟ್ಟು ತೆರೆಯಬೇಕು. ಆಗ ಮೊದಲು ಬರುವ ನೀರೇ ನಿಜ ಹೇಳುವುದು. ಇಪ್ಪತ್ತು ವರ್ಷ ಪೈಪಿನ ಜೊತೆ ಬಾಳಿದವನಿಗೆ ಗೊತ್ತಿರುವ ಸಂಗತಿ, ಹೊಸ ಇನ್‌ಸ್ಪೆಕ್ಟರಮ್ಮನಿಗೆ ಎಲ್ಲಿಂದ ಗೊತ್ತಾಗಬೇಕು? ಅವನು ಸುಮ್ಮನೆ ನಿಂತರೆ ಸಾಕಾಗಿತ್ತು. ಸುಳ್ಳೂ ಹೇಳಬೇಕಿರಲಿಲ್ಲ.

ಸುಮ್ಮನೆ ನಿಂತ. ಎದೆ ಹಗುರಾಯಿತು, ಹಗುರಾದದ್ದಕ್ಕೆ ತನ್ನ ಮೇಲೇ ಅಸಹ್ಯವೂ ಆಯಿತು. ನೀರು ಕಾಯಿಸಿ ಕುಡೀರಿ ಎಂದು ನಗರಸಭೆಯವರು ಮೈಕು ಕಟ್ಟಿ ಕೂಗಿ ಹೋಗಿದ್ದರಲ್ಲ, ಇನ್ನು ಯಾರಿಗೂ ಏನೂ ಆಗುವುದಿಲ್ಲ, ಗಲಾಟೆ ತಣ್ಣಗಾದ ಮೇಲೆ ಬಂಡೆ ಒಡೆಸಿ ಪೈಪು ಬದಲಾಯಿಸಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಆಣೆಪ್ರಮಾಣ ಮಾಡಿಕೊಂಡ. ಇಂಥ ಆಣೆಗೇನು ಬರ!

"ಇಪ್ಪತ್ತು ನಿಮಿಷ ಆಯ್ತು. ನೀರಲ್ಲಿ ದೋಷ ಇಲ್ಲ," ಎಂದು ಇನ್‌ಸ್ಪೆಕ್ಟರಮ್ಮ ಪುಸ್ತಕ ತೆರೆದರು. ಹಿಂದೆ ನಿಂತಿದ್ದ ಕ್ಯಾಂಟೀನಿನವನು ಹಾಗೇ ಕಲ್ಲುಚಪ್ಪಡಿಯ ಮೇಲೆ ಕುಸಿದು ಕೂತ.

"ನಾನು ಹೇಳಲಿಲ್ವಾ?" ಅಕ್ಕನ ದನಿ ಏರಿತು. "ನನ್ನ ತಮ್ಮ ಹಾಕಿದ ನಲ್ಲಿ ಅದು! ಎಲ್ಲಾ ಆ ತೊದಲನ ಎಂಜಲು ಲೋಟದ ಮಹಿಮೆ." ಹಾಗೆನ್ನುತ್ತಲೇ ಬೇಸಿನ್ ಪಕ್ಕಕ್ಕೆ ತಳ್ಳಿ, ನಲ್ಲಿಗೆ ಒಂದು ಬಾಟಲಿ ಹಿಡಿದಳು.

"ಅದ್ಯಾಕಕ್ಕ?"

"ಪುಟ್ಟಿಗೆ. ಆಸ್ಪತ್ರೆ ನೀರು ಯಾರು ಕುಡಿಸ್ತಾರೆ, ಅದೇನು ನೀರೋ ಏನೋ! ಮೊದಲನೇ ದಿನದಿಂದ ನಾನೇ ಇಲ್ಲಿಂದ ತುಂಬಿಸಿ ಕಳಿಸ್ತಿದ್ದೀನಿ. ಬೆಳಿಗ್ಗೆ ಆರಕ್ಕೆ ಒಂದು ಕೊಟ್ಟೆ, ಇದು ಮಧ್ಯಾಹ್ನಕ್ಕೆ."

"ಕಾಯಿಸಿ ತಾನೆ?"

"ನಿನ್ನ ನಲ್ಲಿ ನೀರನ್ನ ಯಾಕೋ ಕಾಯಿಸ್ಬೇಕು?"

ಪ್ಲಂಬರ್ ಆ ಬಾಟಲಿಯನ್ನೇ ನೋಡಿದ. ಆರಕ್ಕೆ. ರಾತ್ರಿಯಿಡೀ ಮುಚ್ಚಿದ್ದ ವಾಲ್ವ್ ತೆರೆಯುವುದೇ ಆರಕ್ಕೆ. ಪೈಪು ರಾತ್ರಿಯೆಲ್ಲ ಎಳೆದುಕೊಂಡಿದ್ದನ್ನು ಮೊಟ್ಟಮೊದಲು ಹಿಡಿದು, ಮುದ್ದಿನಿಂದ ಮುಚ್ಚಳ ಬಿಗಿದು, ಒಂಬತ್ತು ದಿನ ಆ ಕೂಸಿನ ತಲೆದೆಸೆಗೆ ಮುಟ್ಟಿಸಿದ್ದಾಳೆ ಅಜ್ಜಿ.

"ಮೇಡಂ," ಎಂದ. ದನಿ ತನ್ನದಲ್ಲ ಎನ್ನಿಸಿತು. "ಹೀಗಲ್ಲ ಪರೀಕ್ಷೆ. ವಾಲ್ವ್ ಮುಚ್ಚಿ ತೆಗೀಬೇಕು."

ಆಕೆ ಪೆನ್ನು ನಿಲ್ಲಿಸಿ ಅವನನ್ನೇ ದಿಟ್ಟಿಸಿದರು. "ಎಷ್ಟು ಹೊತ್ತು ಮುಚ್ಚಬೇಕು?"

"ಅರ್ಧ ಗಂಟೆ."

ಆಕೆ ತಮ್ಮ ಸಿಬ್ಬಂದಿಯವನೊಬ್ಬನನ್ನು ಮೂಲೆಗೆ ಓಡಿಸಿದರು. ನಲ್ಲಿಯ ನೀರು ಸಣ್ಣಗಾಗಿ, ಹನಿಯಾಗಿ, ನಿಂತಿತು. ಒಳ್ಳೆಯ ಉಪಾಯ ಕಂಡುಹಿಡಿದಿದ್ದ ಮಹಾರಾಯ! ಹೇಳುವುದನ್ನು ಬಣ್ಣವೇ ಹೇಳಲಿ, ತಾನು ಬಾಯಿ ಬಿಡುವುದು ತಪ್ಪುತ್ತದೆ ಎಂದುಕೊಂಡಿದ್ದ. ಆದರೆ ಒಂದು ನಿಮಿಷವೂ ನಿಲ್ಲಲಾಗಲಿಲ್ಲ. ಆಸ್ಪತ್ರೆಯಲ್ಲಿ ಆರು ಗಂಟೆಯ ಬಾಟಲಿ ಇದೆ. ಅರ್ಧ ಗಂಟೆಯಲ್ಲಿ ಮಗು ಎಷ್ಟು ಸಲ ನೀರು ಕೇಳುತ್ತದೆ?

ಜೇಬಿನಿಂದ ಫೋನು ತೆಗೆದು ಅಕ್ಕನ ಮಗನಿಗೆ ಹಚ್ಚಿದ. ಮಗುವಿನ ಅಪ್ಪ ಆಸ್ಪತ್ರೆಯಲ್ಲೇ ಇದ್ದ.

"ಹೇಳು ಮಾವ."

"ಅಜ್ಜಿ ಕಳಿಸಿದ ಬಾಟಲಿ... ಅದನ್ನ ಕುಡಿಸಬೇಡ. ಚೆಲ್ಲಿಬಿಡು."

"ಈಗ್ತಾನೆ ಎರಡು ಗುಟುಕು ಕುಡಿಸ್ದೆ. ಯಾಕೆ ಮಾವ, ಏನಾಯ್ತು?"

ಗೇಟಿನಾಚೆಯ ಜನ ಇನ್ನಷ್ಟು ಹತ್ತಿರ ಸರಿದರು. ಅಕ್ಕ ಬಾಟಲಿ ಹಿಡಿದುಕೊಂಡು ಹತ್ತಿರ ಬಂದಿದ್ದಳು.

"ಪೈಪು ಚರಂಡಿ ಗುಂಡಿಯೊಳಗಿಂದ ಹಾದು ಬರ್ತಿದೆ," ಎಂದ ಪ್ಲಂಬರ್, ಫೋನಿಗೆ ಹೇಳಬೇಕಾದ್ದಕ್ಕಿಂತ ಜೋರಾಗಿ. "ನಾನೇ ಹಾಗೆ ಹಾಕಿದ್ದು. ಡಾಕ್ಟರಿಗೆ ಹೇಳು. ಈಗಲೇ ಹೇಳು. ಬೇರೆ ನೀರು ಕೊಡಿಸು."

ಆ ಕಡೆ ಕುರ್ಚಿ ಸರಿದ ಸದ್ದು, ಓಡಿದ ಹೆಜ್ಜೆ. ಫೋನು ಕಟ್ಟಾಯಿತು.

ಯಾರೋ ಕೆಟ್ಟದಾಗಿ ಬೈದರು. ಇನ್ನೊಬ್ಬ ಗೇಟು ದೂಡಿಕೊಂಡು ಒಳಗೆ ನುಗ್ಗಲು ಬಂದ. ಇನ್‌ಸ್ಪೆಕ್ಟರಮ್ಮ ಅಡ್ಡ ನಿಂತು, "ಅರ್ಧ ಗಂಟೆ ಆಗ್ಲಿ. ನಾನು ಬರೆಯೋದು ಕಣ್ಣಿಂದ ನೋಡಿದ್ದನ್ನ," ಎಂದು ಗದರಿದರು. ಆ ಅರ್ಧ ಗಂಟೆ ಹೇಗೆ ಕಳೆಯಿತೆಂದು ಕೇಳಬೇಡಿ. ಅಕ್ಕ ಬಾಟಲಿ ಕೆಳಗಿಡಲೂ ಇಲ್ಲ, ಕೂರಲೂ ಇಲ್ಲ.

ವಾಲ್ವ್ ತೆರೆದರು. ನಲ್ಲಿ ಗೊರಗೊರ ಎಂದು ಕೆಮ್ಮಿ ಗಾಳಿ ಕಾರಿತು. ಆಮೇಲೆ ಬೇಸಿನ್‌ಗೆ ನೀರು ಬಿತ್ತು, ಗಿಣಿ ಹಸಿರು. ಇನ್‌ಸ್ಪೆಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿ ಹೊಸ ಹಾಳೆ ತಿರುವಿದರು.

ಅಕ್ಕ ಬೇಸಿನ್ ನೋಡಿದಳು, ಕೈಯಲ್ಲಿದ್ದ ಬಾಟಲಿ ನೋಡಿದಳು.

"ಯಾವತ್ತಿಂದ ಗೊತ್ತಿತ್ತು ನಿನಗೆ?"

ಗೊತ್ತೇ ಇರಲಿಲ್ಲ ಎನ್ನಬಹುದಿತ್ತು, ಇವತ್ತೇ ಹೊಳೆಯಿತು ಎನ್ನಬಹುದಿತ್ತು. ಅವನಿಗೆ ಸುಳ್ಳು ಸಾಕಾಗಿತ್ತು.

"ಮೊದಲನೇ ದಿನದಿಂದ, ಅಕ್ಕ."

ಅವಳು ಹೊಡೆಯುತ್ತಾಳೆಂದು ಅವನು ಕಾದ. ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಅವನ ಮುಖವನ್ನೇ, ಗುರುತು ಹಿಡಿಯಲು ಹೆಣಗುವವಳಂತೆ ನೋಡಿದಳು.

"ಮೊದಲನೇ ದಿನ ಅವಳನ್ನ ಹೆಗಲ ಮೇಲೆ ಹೊತ್ಕೊಂಡು ಆಸ್ಪತ್ರೆಗೆ ಓಡಿದವನು ನೀನೇ ಅಲ್ವೇನೋ," ಎಂದಳು.