ಉಜ್ಜಿದ ನಾಣ್ಯ

ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಅವಳು ಗಂಡನ ಬಲಗೈ ಹೆಬ್ಬೆರಳನ್ನು ಮೂರನೆಯ ಸಲ ಒರೆಸುತ್ತಿದ್ದಳು. ಕಪ್ಪು ಹೋಗಲಿಲ್ಲ. ಹೆಬ್ಬೆರಳು, ತೋರುಬೆರಳು ಎರಡರ ತುದಿಯಲ್ಲೂ ಮಸಿ ಗೆರೆಗೆರೆಯೊಳಗೆ ಇಳಿದು ಕೂತಿತ್ತು. ಹಿಟ್ಟಿನ ಗಿರಣಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವನ ಕೈ ಅದು. ಹಗಲೆಲ್ಲ ಮೊಣಕೈವರೆಗೆ ಬೆಳ್ಳಗಿರುತ್ತಿತ್ತು. ಸಂಜೆ ಕಿಟಕಿಯ ಬಳಿ ನಾಣ್ಯ ಹರಡಿಕೊಂಡು ಕೂತರೆ ಕಪ್ಪಾಗುತ್ತಿತ್ತು.

"ನಿಂಬೆಹಣ್ಣು ಹಚ್ಚಿ ಉಜ್ಜಮ್ಮಾ, ಹೋಗುತ್ತೆ," ಎಂದಳು ಮಗಳು, ಬಾಗಿಲಲ್ಲಿ ನಿಂತು.

"ಬೇಡ."

"ಅಡುಗೆಮನೇಲೇ ಇದೆ, ತರ್ತೀನಿ."

"ಬೇಡ ಅಂದೆನಲ್ಲ. ಹಾಗೇ ಇರಲಿ."

ಮಗಳು ಅವಳ ಮುಖ ನೋಡಿದಳು. ಬೆಳಗಿನಿಂದ ಬಂದವರೆಲ್ಲ ಹಾಗೇ ನೋಡುತ್ತಿದ್ದರು, ಒಲೆಯ ಮೇಲಿಟ್ಟ ಹಾಲು ಈಗ ಉಕ್ಕೀತು ಎಂದು ಕಾಯುವವರ ಹಾಗೆ. ಅವನು ಸತ್ತದ್ದು ನಿನ್ನೆ ಮಧ್ಯಾಹ್ನ, ಗಿರಣಿಯಲ್ಲಿ. ಮೋಟಾರು ಆರಿಸಿ, ಚೀಲದ ಮೇಲೆ ಕೂತು, ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಒಂದೇ ಕಡೆ ಕೂತು ಜೋಮು ಹಿಡಿದ ಕಾಲಿನ ಹಾಗೆ ಎದೆಯಿತ್ತು. ಇದೆ ಎಂದು ಗೊತ್ತು, ಆದರೆ ತನ್ನದಲ್ಲ. ಬಾಡಿಗೆ ಕುರ್ಚಿಗಳ ಬೆನ್ನಿಗೆ ಬಳಿದ ನಂಬರುಗಳನ್ನು ಮಾತ್ರ ಅವಳು ಓದಿಕೊಂಡಿದ್ದಳು. ಹದಿನೇಳು ಇತ್ತು, ಹತ್ತೊಂಬತ್ತು ಇತ್ತು, ಹದಿನೆಂಟು ಇರಲಿಲ್ಲ.

ಹೊರಗೆ ಭಾವನ ದನಿ ಕೇಳಿಸುತ್ತಿತ್ತು. ಗಂಡನ ಅಣ್ಣ, ಮರ ಕೊಯ್ಯುವ ಮಿಲ್ಲಿನ ಧಣಿ. ಹುಟ್ಟಿದಾಗಿನಿಂದ ಗರಗಸದ ಸದ್ದಿನ ಮೇಲೆ ಮಾತಾಡಿ ರೂಢಿಯಾದವರಿಗೆ ಸಾವಿನ ಮನೆಯಲ್ಲೂ ದನಿ ತಗ್ಗಿಸಲು ಬರುತ್ತಿರಲಿಲ್ಲ. ಶವದ ಪೆಟ್ಟಿಗೆಯನ್ನು ಅವರೇ ಕೂತು ಮಾಡಿಸಿದ್ದರು, ತಮ್ಮ ಅಟ್ಟದಲ್ಲಿ ಒಣಗಿಸಿಟ್ಟಿದ್ದ ಒಳ್ಳೆಯ ಹಲಗೆಯಿಂದ. ಈಗ ಹೆಗಲು ಕೊಡುವವರ ಲೆಕ್ಕ ನಡೆದಿತ್ತು. ಮುಂದೆ ತಾವು ಮತ್ತು ಅಳಿಯ, ಹಿಂದೆ ಗಿರಣಿಯ ಮಾಲೀಕ. ನಾಲ್ಕನೆಯವನಾಗಬೇಕಿದ್ದ ಗಿರಣಿಯ ಹಮಾಲಿ ಹೋದ ವಾರ ಹೆಗಲು ಉಳುಕಿಸಿಕೊಂಡಿದ್ದ. ಉಳಿದವರೆಲ್ಲ ಕೋಲು ಹಿಡಿದ ಮುದುಕರು.

"ಗೇಟಿನ ಹತ್ತಿರ ಬ್ಯಾಂಕಿನ ಕ್ಯಾಶಿಯರ್ ನಿಂತಿದಾರಲ್ಲ," ಎಂದ ಹಮಾಲಿ.

"ನೋಡಿದೆ," ಎಂದರು ಭಾವ. "ಅಲ್ಲೇ ನಿಂತು ನೋಡ್ಕೊಂಡು ಹೋಗ್ಲಿ. ತಮ್ಮನ ಮನೆಯ ಅನ್ನ ತಿಂದು ತಮ್ಮನ ಮನೇಲೇ ಕೈಚಳಕ ತೋರಿಸಿದ ಕೈ ಈ ಪೆಟ್ಟಿಗೆ ಮುಟ್ಟೋದು ಬೇಡ."

ಅವಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

*

ಶುಕ್ರವಾರ ಗಿರಣಿಗೆ ಅರ್ಧ ದಿನ. ಬರುವ ದಾರಿಯಲ್ಲಿ ಅವನು ಬ್ಯಾಂಕಿಗೆ ಹೋಗಿ ಚಿಲ್ಲರೆಯ ಸುರುಳಿಗಳನ್ನು ತರುತ್ತಿದ್ದ. ಐವತ್ತೈವತ್ತು ನಾಣ್ಯ ಪೇರಿಸಿ ಕಂದು ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಸುರುಳಿಗಳು. ಒಂದೊಂದಾಗಿ ಬಿಚ್ಚಿ ಹಳೆಯ ಬೆಡ್‌ಶೀಟಿನ ತುಂಡಿನ ಮೇಲೆ ಸುರಿದು, ಭೂತಗನ್ನಡಿ ಹಿಡಿದು ಇಸವಿ ನೋಡುವನು, ಅಂಚು ಸವರುವನು. ಅಚ್ಚಿನಲ್ಲಿ ತಪ್ಪಿದ್ದು, ಕೆಲವೇ ಕೆಲವು ಅಚ್ಚಾಗಿ ನಿಂತುಹೋದದ್ದು, ಅಂಥದ್ದು ಅವನಿಗೆ ಬೇಕಿತ್ತು. ಬೇಡದ್ದನ್ನು ಮತ್ತೆ ಸುತ್ತಿ ಸೋಮವಾರ ಬ್ಯಾಂಕಿಗೆ ವಾಪಸು. ಸಾವಿರ ನೋಡಿದರೆ ಒಂದು ಸಿಕ್ಕೀತು. ಎಷ್ಟೋ ವಾರ ಅದೂ ಇಲ್ಲ. ಅಕ್ಕಿಯಲ್ಲಿ ಕಲ್ಲು ಸಿಗಲಿಲ್ಲವೆಂದು ಯಾರೂ ಬೇಸರಪಡುವುದಿಲ್ಲವಲ್ಲ, ಹಾಗೆ ಅವನೂ ಬೇಸರವಿಲ್ಲದೆ ಏಳುತ್ತಿದ್ದ.

ಶನಿವಾರ ಕ್ಯಾಶಿಯರೂ ಬಂದು ಜೊತೆಗೆ ಕೂರುತ್ತಿದ್ದರು. ಇರುವುದು ಒಂದೇ ಭೂತಗನ್ನಡಿ, ಎರಡು ಬೋಳುತಲೆ. ಅವಳು ಚಹಾ ಇಡುತ್ತ ಒಮ್ಮೆ ಅಂದಿದ್ದಳು: "ಒಂದು ಚಿಲ್ಲರೆ ಕಾಸು ಇಟ್ಕೊಳ್ಳೋಕೆ ಸಾವಿರ ನೋಡೋ ಮನುಷ್ಯ, ನನ್ನ ಮಾತ್ರ ಒಂದೇ ಸಲ ನೋಡಿ ಒಪ್ಕೊಂಡ್ರಲ್ಲ."

"ಏನ್ಮಾಡೋದು," ಎಂದಿದ್ದ ಅವನು, ತಲೆ ಎತ್ತದೆ. "ಮೊದಲನೇ ಸುರುಳೀಲೇ ಸಿಕ್ಬಿಟ್ಟೆ."

ಹನ್ನೊಂದು ವರ್ಷದ ಹಿಂದೆ ಅವರಿಗೆ ಆ ನಾಣ್ಯ ಸಿಕ್ಕಿತು. ಇಸವಿಯ ಅಂಕಿ ಎರಡು ಸಲ ಒತ್ತಿತ್ತು, ಒಂದರ ಪಕ್ಕ ಇನ್ನೊಂದರ ನೆರಳು ಬಿದ್ದ ಹಾಗೆ. ಪತ್ರ ಹೋಯಿತು. ದೊಡ್ಡ ಪೇಟೆಯ ಸಂಗ್ರಹಕಾರನೊಬ್ಬ ತಾನೇ ಬಂದು ನೋಡುತ್ತೇನೆಂದು ಬರೆದ. ಹೇಳಿದ್ದ ಬೆಲೆಗೆ ಕರೆಯುವ ಹಸು ಎರಡು ಬರುತ್ತಿದ್ದವು. ಭಾವ ಅದನ್ನು ಬೀದಿಗೆಲ್ಲ ಸಾರಿದರು. ಶನಿವಾರ ಕ್ಯಾಶಿಯರ್ ಬಂದು ಮತ್ತೊಮ್ಮೆ ಅದನ್ನು ಕಣ್ತುಂಬ ನೋಡಿಹೋದರು.

ಭಾನುವಾರ ಬೆಳಿಗ್ಗೆ, ಸಂಗ್ರಹಕಾರ ಬರುವ ಮುನ್ನ, ಅವನು ಕ್ಷೌರಕ್ಕೆ ಹೋಗಿದ್ದ. ಮನೆ ಗುಡಿಸಿ, ಮೇಜಿಗೆ ಹೊಸ ಬಟ್ಟೆ ಹಾಸಿದ ಮೇಲೆ ನಾಣ್ಯ ಅವಳ ಕಣ್ಣಿಗೆ ಬಿತ್ತು. ಅಷ್ಟು ದೂರದಿಂದ ಬರುವವರ ಮುಂದೆ ಇಂಥ ಕೊಳಕನ್ನು ಇಡುವುದೇ ಎನ್ನಿಸಿತು. ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು, ಹಳೆಯ ಹಲ್ಲುಜ್ಜುವ ಬ್ರಷ್ಷು. ತೊಳೆದು ಬಿಳಿ ಕರವಸ್ತ್ರದ ಮೇಲಿಟ್ಟಾಗ ಹೊಸ ಗುಂಡಿಯ ಹಾಗೆ ಮಿನುಗಿತು.

ಅವನು ಬಂದು ನೋಡಿದ. ಭೂತಗನ್ನಡಿ ತಂದು ಇನ್ನೊಮ್ಮೆ ನೋಡಿದ.

"ಚೆನ್ನಾಗಿ ಹೊಳೀತಿದೆ," ಎಂದ.

ಆಮೇಲೆ, ಅವಳೇ ಒತ್ತಾಯಿಸಿ ಕೇಳಿದ ಮೇಲೆ, ಉಜ್ಜಿದ್ದನ್ನು ಸಂಗ್ರಹಕಾರರು ಮುಟ್ಟುವುದಿಲ್ಲ, ಅದು ಇನ್ನು ಬರೀ ಚಿಲ್ಲರೆ ಎಂದು ತಿಳಿಸಿದ. ಬಂದವನಿಗೂ ಅಣ್ಣನಿಗೂ ಮಾತ್ರ ಕಳೆದುಹೋಯಿತು ಎಂದ. "ನೀನು ಉಜ್ಜಿದೆ ಅಂದ್ರೆ ಅಣ್ಣ ಸಾಯೋವರೆಗೂ ಅದನ್ನೇ ಆಡ್ಕೊಂಡು ತಿರುಗ್ತಾನೆ," ಎಂದು ಅವಳಿಗೆ ಹೇಳಿದ್ದ. ಮನೆಗೆ ಬಂದವರು ಯಾರು ಎಂದು ಭಾವ ಕೇಳಿದರು. ಕ್ಯಾಶಿಯರನ್ನು ಬಿಟ್ಟು ಬೇರೆ ಯಾರೂ ಬಂದಿರಲಿಲ್ಲ. ಗಂಡ ಬಾಯಿ ತೆರೆದದ್ದನ್ನು ಅವಳು ನೋಡಿದಳು. ಮುಚ್ಚಿದ್ದನ್ನೂ ನೋಡಿದಳು.

ಮುಂದಿನ ಶನಿವಾರದಿಂದ ಕ್ಯಾಶಿಯರ್ ಬರುವುದು ನಿಂತಿತು. ಆದರೂ ಶುಕ್ರವಾರದ ಸುರುಳಿಗಳನ್ನು ಕೌಂಟರಿನಲ್ಲಿ ತೆಗೆದಿಡುತ್ತಿದ್ದರು. ನಿಜವನ್ನು ಗಂಡ ಹೇಳಲಿ ಎಂದು ಇವಳು, ಇವಳು ಹೇಳಿಕೊಂಡರೆ ಹೇಳಲಿ ಎಂದು ಅವನು. ವರ್ಷಗಳು ಹೋದವು.

*

ಗಂಡನ ಹೆಬ್ಬೆರಳನ್ನು ಮಡಚಿ, ಕೈಯನ್ನು ಅವನ ಎದೆಯ ಮೇಲಿಟ್ಟು, ಅವಳು ಎದ್ದು ಬಾಗಿಲಿಗೆ ಬಂದಳು. ಹೊರಗೆ ಬಿಸಿಲು ಬಿಳಿಯಾಗಿತ್ತು. ಗೇಟಿನಾಚೆ ಕ್ಯಾಶಿಯರ್ ಸೈಕಲ್ಲು ಹಿಡಿದೇ ನಿಂತಿದ್ದರು. ಮೊದಲೇ ಗಿಡ್ಡ ಆಳು. ನಿವೃತ್ತಿಯಾದ ಮೇಲೆ ಇನ್ನಷ್ಟು ಕುಗ್ಗಿದ್ದರು.

"ಭಾವ, ಆ ನಾಣ್ಯ ಯಾರೂ ಕದಿಯಲಿಲ್ಲ," ಎಂದಳು. ತನ್ನ ದನಿ ಪಕ್ಕದ ಮನೆಯಿಂದ ಬಂದ ಹಾಗಿತ್ತು. "ನಾನು ಉಜ್ಜಿ ಹಾಳು ಮಾಡಿದೆ."

ಕುರ್ಚಿಗಳ ಮೇಲಿದ್ದವರು ತಿರುಗಿದರು. ಭಾವ ಹತ್ತಿರ ಬಂದು, ಎಂದೂ ಇಲ್ಲದ ಮೆದುವಾಗಿ, "ಒಳಗೆ ನಡಿಯಮ್ಮ, ಒಂದು ಗುಟುಕು ನೀರು ಕುಡಿ," ಎಂದರು. ಮಗಳನ್ನು ಕರೆದು ನಿಮ್ಮಮ್ಮನಿಗೆ ತಲೆ ನಿಲ್ಲುತ್ತಿಲ್ಲ, ಕೂರಿಸು ಎಂದರು. ಯಾರೋ ಪಾಪ ಎಂದರು. ಇಷ್ಟು ಹೊತ್ತು ಕಾದದ್ದು ಕೊನೆಗೂ ಬಂತು ಎಂಬ ಸಮಾಧಾನ ಕೆಲವರ ಮುಖದಲ್ಲಿತ್ತು.

"ತಲೆ ಸರಿಯಾಗೇ ಇದೆ. ನಿಂಬೆಹಣ್ಣು ಹಾಕಿ ಉಜ್ಜಿದೆ. ಅವರು ನನ್ನ ಉಳಿಸೋಕೆ ಕಳೆದುಹೋಯ್ತು ಅಂದ್ರು. ನಿಮ್ಮ ಬಾಯಿಗೆ ಹೆದರಿ ಅಂದ್ರು. ನಾನೂ ಬಾಯಿ ಮುಚ್ಕೊಂಡಿದ್ದೆ."

ಭಾವ ಏನೋ ಹೇಳಹೋಗಿ ಗೇಟಿನ ಕಡೆ ನೋಡಿದರು. ಕ್ಯಾಶಿಯರ್ ಅಲ್ಲಿಂದಲೇ ಮಾತಾಡಿದರು, ಕೌಂಟರಿನ ಹಿಂದೆ ಕೂತು ಆಡುವಷ್ಟೇ ದನಿಯಲ್ಲಿ.

"ಹೌದು ಅಣ್ಣ. ಆ ಸೋಮವಾರ ಅವನು ವಾಪಸ್ ತಂದ ಸುರುಳೀಲೇ ಇತ್ತು. ಹೊಳೀತಿತ್ತು. ನಾನು ನೋಡಿದೆ."

"ನೋಡಿ?"

"ಮುಂದಿನವರಿಗೆ ಚಿಲ್ಲರೆ ಕೊಟ್ಟುಬಿಟ್ಟೆ."

"ಬಾಯಲ್ಲಿ ಏನಿತ್ತಯ್ಯಾ ನಿಂಗೆ? ಹೇಳೋಕೇನಾಗಿತ್ತು?"

"ಅವನು ಹೇಳ್ತಾನೆ ಅಂತ ಕಾದೆ." ಕ್ಯಾಶಿಯರ್ ಹ್ಯಾಂಡಲಿನ ಮೇಲಿದ್ದ ಕೈ ನೋಡಿಕೊಂಡರು. "ಪ್ರತಿ ಶುಕ್ರವಾರ ಕಾದೆ. ಹೋದ ಶುಕ್ರವಾರಾನೂ ಬಂದಿದ್ದ. ನನ್ನ ಜಾಗದಲ್ಲಿ ಕೂತಿರೋ ಹುಡುಗಿ ಹತ್ರ ತಗೊಂಡು, ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತ. ಮಳೆ ವಿಚಾರ ಮಾತಾಡಿದ. ಎದ್ದುಹೋದ."

ಅವಳು ಕ್ಯಾಶಿಯರನ್ನು ನೋಡಿದಳು. ತಪ್ಪಾಯಿತು ಎನ್ನಬೇಕೆಂದು ಗೊತ್ತಿತ್ತು. ಬಾಯಿ ಬರಲಿಲ್ಲ. ಅವರೂ ಪರವಾಗಿಲ್ಲ ಎನ್ನಲಿಲ್ಲ.

ಭಾವ ಹೆಗಲಿನ ಟವೆಲ್ಲು ತೆಗೆದು ಕತ್ತು ಒರೆಸಿದರು, ಮತ್ತೆ ಹಾಕಿಕೊಂಡರು. ಅಳಿಯನಿಗೆ ಹಿಂದಕ್ಕೆ ಹೋಗು ಎಂದರು.

"ಸೈಕಲ್ ಸ್ಟ್ಯಾಂಡ್ ಹಾಕಿ ಬಾ," ಎಂದರು ಗೇಟಿನ ಕಡೆಗೆ. "ಹೊತ್ತಾಗ್ತಿದೆ."

ಮುಚ್ಚಳ ಬಿತ್ತು. ನಾಲ್ವರೂ ಬಗ್ಗಿ ಎತ್ತಿದರು. ಮುಂದಿನ ಎಡಮೂಲೆ ಕ್ಯಾಶಿಯರಿನದು. ಅವರ ಹೆಗಲು ಉಳಿದವರ ತೋಳಿನ ಮಟ್ಟಕ್ಕೂ ಬರುತ್ತಿರಲಿಲ್ಲ. ಪೆಟ್ಟಿಗೆ ಆ ಕಡೆ ವಾಲಿತು. ಒಳಗೆ ಏನೋ ಜರುಗಿದ ಸದ್ದಾಯಿತು. ಕ್ಯಾಶಿಯರ್ ತುದಿಗಾಲಲ್ಲಿ ನಿಂತರು. ಬೇರೆ ಯಾರನ್ನಾದರೂ ಹಾಕೋಣ ಎಂದು ಗಿರಣಿಯ ಮಾಲೀಕ ಹಿಂದಿನಿಂದ ಅಂದರು.

ಅವಳು ಗೇಟಿನವರೆಗೆ ಹೋಗಿ ನಿಂತಳು. ಬೀದಿಯ ಆ ತುದಿಯವರೆಗೂ, ತಿರುವಿನಲ್ಲಿ ಮರೆಯಾಗುವವರೆಗೂ ಪೆಟ್ಟಿಗೆ ಮಟ್ಟಸವಾಗಿಯೇ ಹೋಯಿತು. ಆರಡಿ ಎತ್ತರದ ಭಾವ ಎರಡೂ ಮಂಡಿ ಮಡಚಿ, ಕುಕ್ಕರಗಾಲಲ್ಲಿ ಕೂರಲು ಹೊರಟವರ ಹಾಗೆ, ಕ್ಯಾಶಿಯರಿನ ಮಟ್ಟಕ್ಕೆ ಇಳಿದು ನಡೆಯುತ್ತಿದ್ದರು.