ಹೊಲಿದ ಕಫನ್

ಜಾಝಿಯಾ ಖಾಲಾ ಶವಕ್ಕೆ ಸುತ್ತುವ ಕಫನ್ ಬಟ್ಟೆಯನ್ನು ಕೊಡವಿ ಬಿಡಿಸಿದವಳು ಕೆಂಡ ಮುಟ್ಟಿದಂತೆ ಕೈಬಿಟ್ಟಳು.

"ಹೊಲಿದಿದ್ದಾರೆ! ನಾಲ್ಕೂ ಅಂಚು ಮಡಿಸಿ ಹೊಲಿದಿದ್ದಾರೆ! ಊರಿನ ಎಷ್ಟು ಹೆಂಗಸರನ್ನ ತೊಳೆದು ಕಳಿಸಿದೀನಿ, ಇಂಥದ್ದು ಕಂಡಿಲ್ಲ. ಹೊಲಿಗೆ ಇಲ್ಲದೆ ಬಂದೋಳು ಹೊಲಿಗೆ ಇಲ್ಲದೇ ಹೋಗ್ಬೇಕು."

ಹಲಗೆಯ ಮೇಲೆ ಮನ್ನೂಬಿಯಾ ಮಲಗಿದ್ದಳು, ಆಗತಾನೆ ಮೀಯಿಸಿದ ಮಗುವಿನಂತೆ. ಮಗಳು ಹಯಾತ್ ಬಗ್ಗಿ ಬಟ್ಟೆ ನೋಡಿದಳು. ಮೂಲೆಯಲ್ಲಿ ಹಸಿರು ದಾರದ ಕಸೂತಿ: ಅಮ್ಮ ದುಡಿದ ಬಟ್ಟೆ ಕಾರ್ಖಾನೆಯ ಮುದ್ರೆ, ಅದರ ಪಕ್ಕ ಸರ್ಕಾರದ ಹೊಸ ಯಂತ್ರ ಯೋಜನೆಯ ಮುದ್ರೆ.

"ಮರ್ಯಾದೆಗೆ ಅಂತ ಹೊಸ ಮೆಷಿನ್ನಲ್ಲೇ ಕತ್ತರಿಸಿ ಹೊಲಿಸಿದಾರೆ ಕಣೇ," ಅಂದಳು ಸೋದರತ್ತೆ ಸಾಲ್ಹಾ. "ಶಾದ್ಲಿ ಮ್ಯಾನೇಜರು ಬಾಗಿಲಲ್ಲೇ ಇದಾರೆ, ಫೋಟೊದವನ ಜೊತೆ."

"ಹೆಣಕ್ಕೂ ಲೇಬಲ್ಲಾ?"

"ಮೆಲ್ಲಗೆ! ನೀನೂ ನನ್ನ ಸೊಸೆಯೂ ಉಣ್ಣೋದು ಅಲ್ಲಿಂದಲೇ."

*

ಬಟ್ಟೆ ಕತ್ತರಿಸುವ ಯಂತ್ರ ಇಟಲಿಯಿಂದ ಮೊನಾಸ್ತೀರ್ ಊರಿನ ಆ ಕಾರ್ಖಾನೆಗೆ ಬಂದಾಗ ಮಂತ್ರಿ ಬಂದಿದ್ದ, ಬ್ಯಾಂಡು ಬಂದಿತ್ತು. ಯಂತ್ರಕ್ಕೆ ಕಲಿಸಲು, ಅಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಮನ್ನೂಬಿಯಾಳ ಕೈಗಳನ್ನು ವಿಡಿಯೊ ಮಾಡುತ್ತೇವೆ ಅಂದರು. ಹಿಂದಿನ ಸಂಜೆ ಆಕೆ ಎರಡೂ ಅಂಗೈಗೆ ಮದರಂಗಿ ಹಚ್ಚಿಕೊಂಡು ಕೂತಳು.

"ಏನಮ್ಮ, ಮದುಮಗಳಾ?" ಹಯಾತ್ ರೇಗಿಸಿದಳು.

"ಹೂಂ ಕಣೇ. ನಿಮ್ಮಪ್ಪನ್ನ ಬಿಟ್ಟರೆ ಈ ಕೈನ ನೋಡ್ತೀವಿ ಅಂದೋರು ಇವರೇ."

ಮದರಂಗಿ ಮಾಸುವ ಮೊದಲೇ ಆಕೆಯ ಕತ್ತರಿ ಮೇಜನ್ನು ಹೊರಗೆ ಸಾಗಿಸಿದರು. ಆ ಕೈಗೆ ಪೊರಕೆ ಕೊಟ್ಟರು. ಯಂತ್ರದ ಬುಡದಲ್ಲಿ ಬಗ್ಗಿ ಚೂರುಬಟ್ಟೆ ಗುಡಿಸುತ್ತಿದ್ದಾಗಲೇ ನಿನ್ನೆ ಕುಸಿದದ್ದು. ಯಂತ್ರವನ್ನು ಯಾರೂ ನಿಲ್ಲಿಸಲಿಲ್ಲ.

*

ಅಂಗಳದಲ್ಲಿ ಓದುತ್ತಿದ್ದ ಕುರ್‌ಆನಿನ ದನಿ ಉಸಿರಿಗಾಗಿ ನಿಂತು ಮತ್ತೆ ಎದ್ದಿತು.

"ಅಸರ್ ನಮಾಜಿನ ಹೊತ್ತಾಯ್ತು. ಬೇರೆ ಬಟ್ಟೆ ತರಿಸ್ಲಾ?" ಜಾಝಿಯಾ ಕೇಳಿದಳು.

"ಬೇಡ ಖಾಲಾ. ಬಟ್ಟೆ ಏನು ಪಾಪ ಮಾಡಿದೆ? ಹೊಲಿಗೆ ಹರಿದು ತೆಗೆದ್ರಾಯ್ತು."

ಹಯಾತ್ ಮುದ್ರೆಯಿದ್ದ ಅಂಚನ್ನು ಹಲ್ಲಿಗೆ ಕೊಟ್ಟು ಕಚ್ಚಿದಳು.

"ಕೆಲಸ ಹೋಗುತ್ತೆ ಹುಚ್ಚಿ!"

"ಹೋಗ್ಲಿ ಅತ್ತೆ. ಅಮ್ಮನ ಕೈ ತಗೊಂಡ್ರು, ನಾಳೆ ನಂದು ಕೇಳ್ತಾರೆ, ನಾಡಿದ್ದು ನಿನ್ನ ಸೊಸೇದು."

ಬಟ್ಟೆ ಜಗ್ಗಲಿಲ್ಲ. ಯಂತ್ರದ ಹೊಲಿಗೆ ಗಟ್ಟಿ. ಸಾಲ್ಹಾ ಬಾಗಿಲ ಕಡೆ ನೋಡಿದಳು, ಮನ್ನೂಬಿಯಾಳ ಅಂಗೈ ನೋಡಿದಳು. ಬಿಸ್ಮಿಲ್ಲಾ ಅಂದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎಳೆದರು. ಪರ್ರನೆ ಹರಿದ ಸದ್ದು ಅಂಗಳದವರೆಗೂ ಕೇಳಿತು. ಉಳಿದ ಮೂರು ಅಂಚನ್ನೂ ಹಾಗೇ ಕಿತ್ತರು.

ಮಯ್ಯತ್ ಹೊರಗೆ ಬಂದಾಗ ಫೋಟೊದವ ಕ್ಯಾಮೆರಾ ಎತ್ತಿದ. ಹೆಗಲು ಕೊಡಲು ಶಾದ್ಲಿ ಮುಂದೆ ಬಂದ. ಹಯಾತ್ ಅಡ್ಡ ನಿಂತು, ಹರಿದ ಅಂಚನ್ನು ಆ ಹೆಗಲ ಮೇಲೆ ಹಾಕಿದಳು. ಗಂಡಸರು ಅವನನ್ನು ಬದಿಗೆ ಬಿಟ್ಟು ಶವ ಹೊತ್ತು ನಡೆದರು. ಅಂಚು ದರ್ಜಿಯ ಟೇಪಿನಂತೆ ಅವನ ಕೊರಳಿನಿಂದ ಇಳಿಬಿದ್ದಿತ್ತು. ತುದಿಯಲ್ಲಿ ಹಸಿರು ಮುದ್ರೆಗಳು, ಹಲ್ಲಿನ ಗುರುತಿನ ಸುತ್ತ ಇನ್ನೂ ಒದ್ದೆ.