ಹೂಂ ಇದ್ದ ಜಾಗದಲ್ಲಿ ನಗು

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯ ಮುಂದೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸ್ಪೀಕರಿನ ದನಿ ತನ್ನ ಮಗ ಶಿವಸ್ವಾಮಿಯದೆಂದು ತಿಳಿಯಲು ಮರಿತಾಯಮ್ಮನಿಗೆ ಅರೆಗಳಿಗೆ ಸಾಕಾಯಿತು. ಅವನ ಮೊದಲ ಕ್ಯಾಸೆಟ್ಟನ್ನು ಕಣ್ಣಾರೆ ನೋಡಲೆಂದೇ ಅವಳು ತನ್ನೂರು ಹಂಗಳದಿಂದ ಬಂದಿದ್ದಳು.

"ಬೆಳಗಿಂದ ಬೈಗಂಟ ಕಲ್ಲೊಡೆದ ನಮ್ಮಪ್ಪ,
ಬೈಗಾದ್ರೂ ಬರನಿಲ್ಲ, ಕಲ್ಲಡಿಯೆ ಮಲಗವ್ನೆ.
ಸಾವ್ಕಾರ ಕೇಳ್ದ: ಕಲ್ಲೊಡೀತ, ಉಳೀತ?
ಕಲ್ಲುಳೀತು ಸ್ವಾಮಿ, ಕಲ್ಲುಳೀತು!"

ಅದರ ಬೆನ್ನಿಗೇ ಸ್ಪೀಕರಿನೊಳಗಿಂದ ನೂರು ಜನ ಗೊಳ್ಳೆಂದರು. ಹೊರಗಿನವರೂ ಗೊಳ್ಳೆಂದರು. ಚಾಮರಾಜನಗರದ ಕರಿಕಲ್ಲು ಕ್ವಾರಿಯಲ್ಲಿ ಬಂಡೆ ಜಾರಿ ಸತ್ತವನು ಮರಿತಾಯಮ್ಮನ ಗಂಡ ದೊಡ್ಡಮಾದಯ್ಯ. ಹೆಣ ತೆಗೆಯುವ ಮೊದಲು ಕ್ವಾರಿಯ ಸಾಹುಕಾರ ಕೇಳಿದ ಮಾತು ಅಕ್ಷರಶಃ ಅದೇ.

ಶಿವಸ್ವಾಮಿ ಗುಂಡ್ಲುಪೇಟೆಯ ತರಕಾರಿ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವನು. ಉಸಿರು ತೆಗೆದುಕೊಳ್ಳದೆ ಬೆಲೆ ಓಡಿಸುವ ನಾಲಗೆ ಅವನದು. ಕೇರಳದ ಲಾರಿ ಡ್ರೈವರನೊಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿ ಅಮೆರಿಕದ ಹುಡುಗರು ರಾಗವಿಲ್ಲದೆ, ಬರೀ ತಾಳಕ್ಕೆ ಮಾತು ಹೆಣೆಯುವುದನ್ನು ಕೇಳಿ, "ಅವ್ವ, ಇದ್ನ ರ‍್ಯಾಪ್ ಅಂತರೆ. ನಮ್ ದೇವ್ರ ಕತೆ ಏಳೋರೂ ನಡುನಡುವೆ ಇಂಗೇ ಓಡುಸ್ತಾರಲ್ವ?" ಎಂದಿದ್ದ. ಅವಳೂ ಕೇಳಿ ತಲೆದೂಗಿದ್ದಳು. ಹುಟ್ಟಿದಾಗಿನಿಂದ ಅಂಥ ಕಥೆಗಳ ಮುಂದೆ ಕೈಮುಗಿದು ಕೂತವಳು ಅವಳು.

ಆದರೆ ಕಥೆ ಹೇಳುವಾಗ ಒಬ್ಬರು ಹೂಂಗುಟ್ಟಲೇಬೇಕು. ಹೂಂ ಇಲ್ಲದ ಕಥೆಯನ್ನು ದೇವರೂ ಕೇಳುವುದಿಲ್ಲ. ಅದಕ್ಕೆ ಶಿವಸ್ವಾಮಿ ಚಾಮರಾಜನಗರದ ಸ್ಟುಡಿಯೋಗೆ ತಾಯಿಯನ್ನೂ ಕರೆದೊಯ್ದು ಎರಡನೇ ಮೈಕಿನ ಮುಂದೆ ಕೂರಿಸಿದ್ದ. ಸಾಲು ಮುಗಿದಾಗಲೆಲ್ಲ ಅವಳು 'ಹೂಂ' ಅಂದಿದ್ದಳು. 'ಕಲ್ಲುಳೀತು' ಎನ್ನುವಲ್ಲಿ ಅವಳ ಹೂಂ ಒಡೆದುಹೋಗಿತ್ತು. ಇನ್ನೊಂದು ಸಲ ಹೇಳಿಸೋಣವೆಂದು ಸ್ಟುಡಿಯೋದವರು ಅಂದರೆ ಮಗ, "ಬ್ಯಾಡ, ಅದಂಗೇ ಇರ‍್ಲಿ" ಎಂದಿದ್ದ.

ಈಗ ಸ್ಪೀಕರಿನಲ್ಲಿ ಆ ಹೂಂ ಒಂದೂ ಇರಲಿಲ್ಲ. ಹೂಂ ಇದ್ದಲ್ಲೆಲ್ಲ ನಗು. ಕ್ಯಾಸೆಟ್ ಕಂಪನಿಯವರು ಕವರಿನ ಮೇಲೆ ಕೋಡಂಗಿ ಟೋಪಿ ಬರೆದು 'ಹರಾಜು ಸ್ವಾಮಿಯ ಹಾಸ್ಯ' ಎಂದು ಅಚ್ಚು ಹಾಕಿಸಿದ್ದರು.

ಮರುದಿನವೇ ತಾಯಿ ಮಗ ಚಾಮರಾಜನಗರಕ್ಕೆ ಹೋದರು. ಕಂಪನಿಯ ಪುಟ್ಟಬಸಪ್ಪ ಟೀ ತರಿಸಿದ.

"ಏನ್ ಅದೃಷ್ಟನಯ್ಯ ನಿಂದು! ಮಾಡ್ಸಿದಷ್ಟೂ ಖಾಲಿ. ಎರಡನೇ ಕ್ಯಾಸೆಟ್ಟಿಗೆ ಇವತ್ತೇ ಸೈನ್ ಹಾಕ್ಬುಡು."

"ನನ್ ಹೂಂ ಎಲ್ಲಿ ಸ್ವಾಮಿ?" ಮರಿತಾಯಮ್ಮ ಕೇಳಿದಳು.

"ಯಾವುದಮ್ಮ? ಓ, ಆ ನರಳೋ ಸದ್ದಾ? ಮಧ್ಯ ಮಧ್ಯ ಅದು ಬಂದ್ರೆ ಕೇಳೋರ್ ಏನಂತಾರೆ? ಅಳ್ಸುಬುಟ್ಟು ನಗು ಸೇರುಸ್ದೊ. ರಾಗ ಇಲ್ದೆ ಬಡಬಡ ಅಂದ್ರೆ ಅದ್ನ ತಮಾಸೆ ಅನ್ನದೆ ಇನ್ನೇನ್ ಅನ್ನನ?"

"ನಿಮ್ಮಪ್ಪ ಸತ್ತ ದಿನಕ್ಕೂ ಇಂಗೇ ನಗು ಸೇರ‍್ಸಿ ಮಾರಿ ಸ್ವಾಮಿ. ಮೊದಲ್ನೇ ಕ್ಯಾಸೆಟ್ಟ ನಾನೇ ತಕ್ಕತೀನಿ" ಅಂದಳು ಮರಿತಾಯಮ್ಮ.

ಪುಟ್ಟಬಸಪ್ಪ ಲೋಟ ಕೆಳಗಿಟ್ಟ. "ನೋಡ್ಲಾ ಸ್ವಾಮಿ, ನಿಮ್ಮವ್ವಂಗೆ ಏಳು. ಜನ ಕೇಳ್ತಾವ್ರೆ, ಅದು ಮುಖ್ಯ."

ಶಿವಸ್ವಾಮಿ ತಲೆ ತಗ್ಗಿಸಿದ್ದ. ಅವನಿಗೆ ಆಸೆಯಿತ್ತು, ಅದು ತಾಯಿಗೂ ಕಂಡಿತು. "ಬುಡವ್ವ, ಎರಡ್ನೇದ್ರಲ್ಲಿ ಸರಿ ಮಾಡ್ಸನ..."

"ಎರಡ್ನೇದ್ರಲ್ಲಿ ಯಾರ್ನ ಸಾಯುಸ್ತಿಯೆ? ನನ್ನಾ?"

ಅವನು ತಲೆಯೆತ್ತಿ ಪುಟ್ಟಬಸಪ್ಪನನ್ನು ನೋಡಿದ. ಆಮೇಲೆ, "ಮೊದ್ಲು ರೆಕಾರ್ಡ್ ಮಾಡಿದ ಟೇಪ್ ಕೊಟ್ಬುಡಿ ಸಾರ್" ಎಂದ.

"ಅದ್ರ ಮೇಲೆ ಬೇರೆ ರೆಕಾರ್ಡ್ ಮಾಡಾಯ್ತಲ್ಲಯ್ಯ."

ಶಿವಸ್ವಾಮಿ ಕರಾರಿನ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿ ಎದ್ದ. "ಇನ್ನೊಂದ್ಸಲ ನನ್ನೆಸ್ರು ಅಚ್ಚಾಕುಸ್ಬ್ಯಾಡಿ" ಎಂದಷ್ಟೇ ಹೇಳಿ ಆಚೆಗೆ ನಡೆದ.

ಸಂಜೆ ಹಂಗಳದಲ್ಲಿ ಬಸ್ಸಿಳಿದಾಗ ಎದುರಾದವನು ಪಕ್ಕದ ಬೀದಿಯ ಲಿಂಗಯ್ಯ. ದೊಡ್ಡಮಾದಯ್ಯನ ಜೊತೆಗೇ ಕ್ವಾರಿಯಲ್ಲಿ ದುಡಿದವನು.

"ಏನ್ಲಾ ಸ್ವಾಮಿ! ಏನ್ ನಗುಸ್ತಿಯಲ್ಲಾ! ಓಟ್ಲಲ್ಲಿ ಹಾಕುದ್ರು, ನಕ್ಕೂ ನಕ್ಕೂ ಸಾಕಾಯ್ತು ಕಣ್ಲಾ."

ಶಿವಸ್ವಾಮಿ ಮುಖ ತಿರುಗಿಸಿಕೊಂಡ. ಮರಿತಾಯಮ್ಮ ತಿರುಗಿಸಿಕೊಳ್ಳಲಿಲ್ಲ.

"ಯಾವ ಮಾತ್ಗೆ ನಕ್ಕೆ ಲಿಂಗಣ್ಣ?"

"ಅಯ್, ಯಾವ ಮಾತ್ಗೆ ಅಂದ್ರೆ... ಮಾತೆಲ್ಲಿ ಕೇಳುಸ್ಕಂಡೆ ಕಣವ್ವ. ಅವ್ರು ನಕ್ರು, ನಾನೂ ನಕ್ಕೆ."

"ಈಗ ಕೇಳುಸ್ಕೊ." ಅವಳು ನಾಲ್ಕೂ ಸಾಲನ್ನು, ರಾಗವಿಲ್ಲದೆ, ತಾಳವಿಲ್ಲದೆ, ಒಂದೊಂದಾಗಿ ಹೇಳಿದಳು.

ಸಾಹುಕಾರನ ಮಾತು ಬಂದಾಗ ಲಿಂಗಯ್ಯನ ಬಾಯಿ ತೆರೆದೇ ಇತ್ತು. ಅವತ್ತು ದೊಡ್ಡಮಾದಯ್ಯನ ಮೇಲಿನ ಬಂಡೆಗೆ ಹಾರೆ ಕೊಟ್ಟು ಎತ್ತಿದ ಆರು ಜನರಲ್ಲಿ ಅವನೂ ಒಬ್ಬನಾಗಿದ್ದ.